ಎಡಗೈಯ ಬಿಗಿ

ಕುಬಿಹಾಳದ ಕುಬೇರಪ್ಪನವರ ಮನೆಯಲ್ಲಿ ಹೊತ್ತು ನೆತ್ತಿಗೆ ಬರುವ ತನಕ ಯಾರೂ ತುತ್ತು ಎತ್ತುವ ಹಾಗಿರಲಿಲ್ಲ. ಬುಟ್ಟಿಯ ತುಂಬ ರೊಟ್ಟಿ ಇರುತ್ತಿತ್ತು, ಪುಂಡಿಪಲ್ಯ ಆರಿ ತಣ್ಣಗಾಗಿರುತ್ತಿತ್ತು, ಸೊಸೆ ಶಾರದವ್ವನ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಮಾವ ಲಿಂಗಪೂಜೆ ಮುಗಿಯದೆ ಉಣ್ಣುವವರಲ್ಲ, ಮಾವ ಉಣ್ಣದೆ ಅತ್ತೆ ಉಣ್ಣುವವಳಲ್ಲ, ಅತ್ತೆಗಿಂತ ಮೊದಲು ಸೊಸೆ ರೊಟ್ಟಿ ಮುರಿದಳೆಂದರೆ ಓಣಿಯ ಹೆಂಗಸರಿಗೆ ವಾರವಿಡೀ ಆಡಿಕೊಳ್ಳಲು ಅಷ್ಟೇ ಸಾಕು. ಮಗ ಮಡಿವಾಳೆಪ್ಪನೊಬ್ಬನಿಗೆ ಹೊಲದ ಬುತ್ತಿಯ ನೆಪದಲ್ಲಿ ಈ ಕಟ್ಟಳೆಯಿಂದ ಬಿಡುಗಡೆ ಇತ್ತು. ಗಂಡಸರಿಗೆ ಇಂಥ ನೆಪಗಳು ಬೇಗ ಸಿಗುತ್ತವೆ.

ಮೊದಲು ಹೀಗಿರಲಿಲ್ಲ. ಕುಬೇರಪ್ಪನವರು ನಸುಕಿನಲ್ಲೆದ್ದು, ತಣ್ಣೀರು ಸುರುವಿಕೊಂಡು, ಕೊರಳ ಕರಡಿಗೆಯೊಳಗಿನ ಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು ಕುಳಿತರೆ ಬಲಗೈ ತನ್ನ ಕೆಲಸ ತಾನೇ ಮಾಡುತ್ತಿತ್ತು. ನೀರೆರೆಯುವುದು, ವಿಭೂತಿ ಹಚ್ಚುವುದು, ಪತ್ರಿ ಏರಿಸುವುದು, ಕೊನೆಗೆ ಎಡಗೈಯನ್ನು ಕಣ್ಣ ಮಟ್ಟಕ್ಕೆ ತಂದು ಲಿಂಗವನ್ನು ನೆಟ್ಟ ನೋಟದಿಂದ ನೋಡುವುದು. ಅತ್ತೆ ಎಮ್ಮೆ ಹಿಂಡಿ ಬರುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಎಂಬತ್ತೈದನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಬಚ್ಚಲಿನಲ್ಲಿ ಲಕವಾ ಹೊಡೆದು ಬಿದ್ದರು. ಮಾತು ಉಳಿಯಿತು, ಎಡಗಾಲು ಕೋಲಿನ ಆಸರೆಯಲ್ಲಿ ಅಷ್ಟಿಷ್ಟು ನಡೆಯಿತು. ಕೈ ಮಾತ್ರ ಮೊದಲು ಜೋಲು ಬಿದ್ದು, ಆಮೇಲೆ ದಿನದಿನಕ್ಕೆ ಬಿಗಿಯುತ್ತ ಬಂತು. ಸಂಕ್ರಾಂತಿಯ ಹೊತ್ತಿಗೆ ಮೊಣಕೈ ಮಡಚಿ ಎದೆಗೆ ಹತ್ತಿಕೊಂಡಿತು; ಬೆರಳುಗಳು ಮುಷ್ಟಿ ಕಟ್ಟಿ, ಉಗುರುಗಳು ಅಂಗೈಯನ್ನೇ ಕೊರೆಯತೊಡಗಿದವು.

ಆ ಮುಷ್ಟಿಯನ್ನು ದಿನಾ ಬಿಡಿಸಬೇಕು. ಅತ್ತೆ ಶಿವಗಂಗವ್ವನ ಗೆಣ್ಣುಗಳು ವಾಯುವಿನಿಂದ ಬಾತು ಅವಳ ಕೈಗೇ ಬಲವಿರಲಿಲ್ಲ. ಮಡಿವಾಳೆಪ್ಪ ಬಿಡಿಸಹೋದರೆ ಎತ್ತಿನ ಬಾಯಿ ತೆರೆಯುವವನ ಹಾಗೆ ಎಳೆಯುತ್ತಿದ್ದ. ಮಾವ ನೋವಿಗೆ ಚೀರುತ್ತಿದ್ದರು. ಕೊನೆಗೆ ಕೆಲಸ ಶಾರದವ್ವನ ಪಾಲಿಗೆ ಬಂತು. ಮದುವೆಯಾಗಿ ಬಂದ ಮೇಲೆ ಮಾವನೊಡನೆ ನೇರವಾಗಿ ಒಂದು ಮಾತೂ ಆಡಿರದ, ಅವರೆದುರು ಸೆರಗು ಜಾರದಂತೆ ಕಾದುಕೊಂಡಿದ್ದ ಸೊಸೆ ದಿನಾ ಅವರ ಕೈ ಹಿಡಿದು ಕೂಡುವುದೆಂದರೆ ಮೊದಮೊದಲು ಮೂವರಿಗೂ ಮುಜುಗರವಾಗಿತ್ತು.

"ಅತ್ತ್ಯಾರ, ಉಸರ ಬಿಗಿ ಹಿಡೀಬ್ಯಾಡ್ರಿ ಅಂತ ಮಾವಾರಿಗೆ ಹೇಳ್ರಿ," ಎನ್ನುತ್ತಿದ್ದಳು, ಅವರ ಕೈ ತನ್ನ ಕೈಯಲ್ಲೇ ಇದ್ದರೂ.

"ಉಸರ ಬಿಡಬೇಕಂತರಿ," ಎಂದು ಶಿವಗಂಗವ್ವ ಗಂಡನಿಗೆ ದಾಟಿಸುತ್ತಿದ್ದಳು.

"ನಾ ಏನ ಕಿವುಡ ಆಗೇನೇನು? ಕೇಳಿತು. ಕೈ ಅಷ್ಟ ಕೇಳವಲ್ದು," ಎನ್ನುತ್ತಿದ್ದರು ಕುಬೇರಪ್ಪ.

ಬಿಸಿ ಮಾಡಿದ ಔಡಲೆಣ್ಣೆ ಹಚ್ಚಿ, ಮಣಿಕಟ್ಟನ್ನು ಒಳಕ್ಕೆ ಬಾಗಿಸಿ, ಕಿರುಬೆರಳಿನಿಂದ ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಅವಸರ ಮಾಡಿದರೆ ಮತ್ತೆ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಇಷ್ಟೆಲ್ಲ ಮಾಡಿ ಅಂಗೈ ಕಂಡಾಗ ಅತ್ತೆ ಲಿಂಗವನ್ನು ಅದರೊಳಗಿಟ್ಟರೆ, ಬೆರಳುಗಳು ಸುತ್ತ ಮಡಚಿ ಬಟ್ಟಲಿನಂತೆ ಹಿಡಿದು ನಿಲ್ಲುತ್ತಿದ್ದವು. ಮಡಚಿದ ಮೊಣಕೈ ಆ ಕೈಯನ್ನು ಎದೆಯ ಮುಂದೆಯೇ ಇಟ್ಟಿರುತ್ತಿತ್ತು. ಒಮ್ಮೆ ಹಿಡಿಯಿತೆಂದರೆ ಬಿಡುವ ಮಾತೇ ಇರಲಿಲ್ಲ. ಪೂಜೆ ಸರಾಗವಾಗಿ ಸಾಗುತ್ತಿತ್ತು, ಮಾವನ ಮುಖ ತಿಳಿಯಾಗುತ್ತಿತ್ತು. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಬಿಸಿಲು ಪಡಸಾಲೆಗೆ ಇಳಿದಿರುತ್ತಿತ್ತು.

ಹೋಳಿಹುಣ್ಣಿಮೆಯ ಮುಂದೆ ಒಂದು ದಿನ ಶಾರದವ್ವ ಕೊಡ ಇಳಿಸುವಾಗ ಕಣ್ಣು ಕತ್ತಲೆ ಬಂದು ಹೊಸ್ತಿಲ ಮೇಲೆ ಕುಸಿದಳು. ಮೊಲೆಯುಣ್ಣುವ ಕೂಸು ಮನೆಯಲ್ಲಿತ್ತು. ಮಡಿವಾಳೆಪ್ಪ ಅವತ್ತು ಅವ್ವನ ಮೇಲೆ ಹರಿಹಾಯ್ದ.

"ಬಾಣಂತನ ಮುಗಿದು ಇನ್ನ ವರ್ಷ ಆಗಿಲ್ಲ, ಮಧ್ಯಾಹ್ನದ ತನಕ ಉಪಾಸ ಕೆಡವ್ತೀರಲ್ಲ! ಕೂಸಿಗೆ ಹಾಲ ಎಲ್ಲಿಂದ ಬರಬೇಕು?"

"ನಾ ಏನ ಉಣಬ್ಯಾಡ ಅಂದೇನೇನು?" ಎಂದಳು ಶಿವಗಂಗವ್ವ. "ಅಡಗಿಮನ್ಯಾಗ ಅಕೀ ಒಬ್ಬಾಕೀನ ಇರತಾಳ. ಉಣ್ಣಲಿ."

"ನೀ ಬಾಯಿಲೆ ಅಂತಿ. ಅಕಿ ತಾಟ ತಗೊಂಡ್ರ ನಿನ್ನ ಮಾರಿ ಹೆಂಗ ಆಗತೈತಿ ಅನ್ನೂದು ನನಗ ಗೊತ್ತಿಲ್ಲೇನು?"

ಮಠದ ಅಯ್ಯನವರನ್ನು ಕರೆಸಿದರು. ಅವರು ಒಳ್ಳೆಯವರು, ಜಗ್ಗಾಡುವವರಲ್ಲ. "ಕುಬೇರಪ್ಪಾ, ರೋಗಕ್ಕ ನೇಮ ಇಲ್ಲೋ. ಬಲಗೈಯಾಗ ಹಿಡಿ. ಇಲ್ಲಾ ಪೀಠದ ಮ್ಯಾಲ ಇಟ್ಟು ಮಾಡು," ಎಂದರು.

"ಬಲಗೈಯಾಗ ಲಿಂಗ ಹಿಡದು ವಿಭೂತಿ ಯಾವ ಕೈಲೆ ಹಚ್ಚಲ್ರಿ ಅಯ್ನಾರ? ಈ ಮುಷ್ಟಿಲೇ?" ಎಂದು ಮಾವ ಕೇಳಿದರು. "ಇನ್ನ ಪೀಠದ ಮ್ಯಾಲ ಇಡಾಕ ಅದು ಗುಡಿಯೊಳಗಿನ ದೇವರಲ್ಲ. ನಮ್ಮಪ್ಪ ನನ್ನ ಕೈಯಾಗ ಇಟ್ಟು ಹೋದದ್ದು. ನನ್ನ ಕೈಯಾಗ ಇರಲಿ."

ಅಯ್ಯನವರು ಹಾಲು ಕುಡಿದು ಎದ್ದು ಹೋದರು. ಆ ರಾತ್ರಿ ಊಟಕ್ಕೆ ಬಡಿಸುತ್ತ ಶಾರದವ್ವನೇ ಗಂಡನ ಮುಂದೆ ಮಾತು ತೆಗೆದಳು.

"ಬಮ್ಮಿಗಟ್ಟ್ಯಾಗ ನಮ್ಮ ಕಾಕಾ ಚಕ್ಕಡ್ಯಾಗಿಂದ ಬಿದ್ದು ಕಾಲ ಸೆಟಗೊಂಡಿದ್ದುವಲ್ಲ, ನೆನಪೈತೇನ್ರಿ? ಹುಬ್ಬಳ್ಳಿ ದವಾಖಾನ್ಯಾಗ ನರದ ಬುಡಕ್ಕ ಅದ್ಯಾವುದೋ ಸೂಜಿ ಹಾಕಿದರು. ಕಾಲ ಮೆತ್ತಗಾದುವು. ಮಾವಾರಿಗೂ ಒಮ್ಮೆ ತೋರಿಸಿದರ?"

ಮಡಿವಾಳೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. "ಇಷ್ಟ ದಿವಸ ಯಾಕ ಬಾಯಿ ಬಿಡಲಿಲ್ಲ?" ಎಂದ. ಅವನದು ಒಳ್ಳೆಯ ಮನಸ್ಸೇ. ಒಳ್ಳೆಯ ಮಾತನ್ನೂ ಬೈಗುಳದ ದನಿಯಲ್ಲಿ ಆಡುವ ಚಾಳಿ ಅಷ್ಟೆ.

ಯುಗಾದಿ ಮುಗಿಸಿಕೊಂಡು ಹುಬ್ಬಳ್ಳಿಗೆ ಹೋದರು. ಕೈಗೆ ನೋವಾದರೆ ಹಿಡಿಯುವುದು ಶಾರದವ್ವನಿಗೇ ಗೊತ್ತೆಂದು ಅವಳನ್ನೂ ಕರೆದುಕೊಂಡರು. ಕೂಸು ಅಜ್ಜಿಯ ಹತ್ತಿರ ಉಳಿಯಿತು. ದೊಡ್ಡ ದವಾಖಾನೆಯ ಡಾಕ್ಟರರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನದ ಮನುಷ್ಯ. ಕೈಯನ್ನು ಮೆಲ್ಲಗೆ ಎಳೆದು, ಫಟ್ಟನೆ ಎಳೆದು, ಬಗ್ಗಿಸಿ ನೋಡಿದರು.

"ಮಿದುಳಿನ ಹತೋಟಿ ತಪ್ಪಿ ನರ ಇದಕ್ಕ ಒಂದೇ ಸವನ ಬಿಗಿ ಹಿಡಿ, ಬಿಗಿ ಹಿಡಿ ಅಂತ ಹುಕುಂ ಕೊಡಾಕತ್ತಾವ," ಎಂದರು. "ಫೀನಾಲ್ ಅಂತ ಒಂದ ಔಷಧ ಐತಿ. ಮೊಣಕೈ ಮಡಚೋ ನರಕ್ಕೊಂದು, ಬೆರಳ ಮಡಚೋ ಜಾಗಾಕ್ಕ ಒಂದೆರಡು ಇಂಜೆಕ್ಷನ್ ಕೊಟ್ಟರ ಬಿಗಿ ಬಿಡತೈತಿ. ಕಾಯಮ್ ಅಲ್ಲ. ನಾಕೈದ ತಿಂಗಳು ಹಿಡೀಬಹುದು. ಅಷ್ಟರಾಗ ದಿನಾ ವ್ಯಾಯಾಮ ಮಾಡಿಸಬೇಕು, ರಾತ್ರಿ ಹಲಗೀಗೆ ಕಟ್ಟಿ ಮಲಗಿಸಬೇಕು. ಆದರ ಶಕ್ತಿ ಬರೂದಿಲ್ಲ, ಬಿಗಿ ಅಷ್ಟ ಹೋಗೂದು. ಅದಕ್ಕ ಮೊದಲ ಒಂದ ಮಾತು ಹೇಳ್ರಿ. ಈ ಕೈಲೆ ಈಗ ಏನರ ಕೆಲಸ ಮಾಡತಾರೇನು? ಏನರ ಹಿಡಿಯೂದು, ಒತ್ತಿ ಹಿಡಿಯೂದು, ಏನಾದರೂ?"

"ಏನೂ ಇಲ್ಲರಿ," ಎಂದ ಮಡಿವಾಳೆಪ್ಪ. "ಸತ್ತ ಕೈ ಅದು."

ಕುಬೇರಪ್ಪನವರ ಬಲಗೈ ಅಂಗಿಯೊಳಗಿನ ಕರಡಿಗೆಯ ಕಡೆಗೆ ಹೋಗಿ ಅಲ್ಲೇ ನಿಂತಿತು. ಲಿಂಗದ ಮಾತು ಪರಸ್ಥಳದಲ್ಲಿ, ಯಾವ ಕುಲದವರೋ ಏನೋ ಎಂಬಂಥವರ ಮುಂದೆ ಆಡುವ ರೂಢಿ ಅವರ ಮನೆತನದಲ್ಲಿರಲಿಲ್ಲ. ಪೂಜೆಯನ್ನು ಕೆಲಸ ಎಂದು ಕರೆಯುವುದಾದರೂ ಹೇಗೆ? ಬಾಗಿಲ ಪಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದ ಶಾರದವ್ವನಿಗೆ ಆ ಕೈ ದಿನಾ ಏನು ಹಿಡಿಯುತ್ತದೆಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಾತು ನಾಲಗೆಯ ತುದಿಗೆ ಬಂತು. ಮೂವರು ಗಂಡಸರ ನಡುವೆ, ಮಾವನೇ ಸುಮ್ಮನಿರುವಾಗ ತಾನು ಬಾಯಿ ಹಾಕುವುದು ಸರಿಯೇ ಎಂದು ಅವಳು ಅಳೆದು ಸುರಿಯುವಷ್ಟರಲ್ಲಿ ಡಾಕ್ಟರರು ಎದ್ದು ಒಳಗೆ ಹೋಗಿಬಿಟ್ಟರು.

ಸೂಜಿಗೆ ಸಣ್ಣದೊಂದು ಕರೆಂಟಿನ ಯಂತ್ರ ಜೋಡಿಸಿದ್ದರು. ಅದು ತಾಗಿದ ಕಡೆ ಮಾವನ ಬೆರಳುಗಳು ಟಕಟಕ ಹಾರಿದವು. ಹಾರಿದ ಜಾಗ ನೋಡಿಕೊಂಡು ಔಷಧ ಬಿಟ್ಟರು. ಉರಿಗೆ ಮಾವನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆಲ್ಲ ಮುಷ್ಟಿ ಸಡಿಲಿತು. ಬಸ್ಸಿನಲ್ಲಿ ವಾಪಸು ಬರುವಾಗ ಆ ಕೈ ಅವರ ತೊಡೆಯ ಮೇಲೆ ನಿದ್ದೆ ಹತ್ತಿದ ಕೂಸಿನ ಹಾಗೆ ಬಿಚ್ಚಿಕೊಂಡು ಮಲಗಿತ್ತು.

ಮರುದಿನದ ಸಂಭ್ರಮ ಹೇಳತೀರದು. ಎಣ್ಣೆ ಇಲ್ಲ, ಚೀರಾಟ ಇಲ್ಲ. ಅಂಗೈ ತಾನಾಗಿಯೇ ತೆರೆದಿತ್ತು. ಅಷ್ಟು ಬೇಗ ಪೂಜೆಗೆ ಕುಳಿತು ಎಷ್ಟೋ ತಿಂಗಳಾಗಿತ್ತು. ಶಿವಗಂಗವ್ವ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಸೊಸೆಯ ತಾಟಿಗೆ ತಾನೇ ಹಾಕಿದಳು. "ಉಣ್ಣ, ನಿನ್ನ ಮಾತಿನಿಂದ ಆತು," ಎಂದಳು. ಓಣಿಯ ಕೊನೆಯ ಮನೆಯ ಬಡಿಗ ಬಾಬಾಸಾಬ, ಮಾವನ ಬಾಲ್ಯದ ಗೆಳೆಯ, ಡಾಕ್ಟರರು ಹೇಳಿದ ಅಳತೆಗೆ ಹಲಗೆ ಮಾಡಿಕೊಂಡು ಬಂದ.

"ಲೇ ಕುಬೇರಾ, ಸಂದೂಕದ ಚಿಲಕಾ ಬಿಚ್ಚಿತಲ್ಲೋ!"

"ಬಿಚ್ಚಿತೋ ಮಾರಾಯಾ. ಇನ್ನ ನಿನ್ನ ಕಪಾಳಕ್ಕ ಕೊಡಾಕೂ ಬರತೈತಿ."

ಸಂಭ್ರಮ ಎಷ್ಟು ದಿನದ್ದು? ಅವತ್ತಿನ ಪೂಜೆಯಲ್ಲೇ ಶಾರದವ್ವ ಒಂದನ್ನು ಗಮನಿಸಿದ್ದಳು. ಲಿಂಗ ಅಂಗೈಯ ಮೇಲೆ ಇತ್ತು. ಅಂಗೈ ಅದನ್ನು ಹಿಡಿದಿರಲಿಲ್ಲ. ಮೊಣಕೈಯ ಬಿಗಿ ಹೋಗಿ ತೋಳು ತೊಡೆಗೆ ಇಳಿದಿತ್ತು. ಎದೆಯ ಮಟ್ಟಕ್ಕೆತ್ತಲು ಮಾವ ಬಲಗೈಯಿಂದ ಎಡಗೈಯನ್ನು ಹಿಡಿದರು. ಹಿಡಿದರೆ ವಿಭೂತಿಗೆ ಕೈ ಉಳಿಯಲಿಲ್ಲ. ಬಿಟ್ಟರೆ ಎಡಗೈ ಒದ್ದೆ ಬಟ್ಟೆಯ ಹಾಗೆ ಬಿತ್ತು. ಅತ್ತೆ ಲಿಂಗವನ್ನು ತಟ್ಟನೆ ಹಿಡಿದುಕೊಂಡಳು.

"ತೊಡೀ ಮ್ಯಾಲ ಇಟಗೊಂಡ ಮಾಡ್ರಲ್ಲ," ಎಂದಳು.

"ತೊಡೀ ಮ್ಯಾಲ ಇಡಾಕ ಅದೇನ ಎಲಿ ಅಡಕಿ ತಾಟೇನು?"

ಹೀಗಾಗಿ ದಿನಾ ಶಾರದವ್ವ ಪಕ್ಕದಲ್ಲಿ ಮಂಡಿಯೂರಿ, ಮಾವನ ಎಡಗೈಯನ್ನು ಕೆಳಗಿನಿಂದ ತನ್ನೆರಡು ಕೈಯಲ್ಲಿ ಹೊತ್ತು ಹಿಡಿಯತೊಡಗಿದಳು. ಬಿಡಿಸುವ ಕೆಲಸ ಹೋಗಿ ಹೊರುವ ಕೆಲಸ ಬಂತು. ಅದಕ್ಕೇನು, ಊಟವಾದರೂ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.

ಬಸವ ಜಯಂತಿ ಹತ್ತಿರ ಬಂದಿತ್ತು. ಅವತ್ತು ಅತ್ತೆ ಹಿತ್ತಲಲ್ಲಿ ಸಗಣಿ ತಟ್ಟುತ್ತಿದ್ದಳು. ಮಾವ ಪತ್ರಿ ಏರಿಸಿ, ಕಣ್ಣು ನೆಟ್ಟು ಕುಳಿತಿದ್ದರು. ಶಾರದವ್ವನ ಕಣ್ಣು ಅಡಿಗೆಮನೆಯ ಬಾಗಿಲಿಗೆ ಹೋಯಿತು. ಆಗಷ್ಟೇ ಅಂಬೆಗಾಲು ಕಲಿತ ಕೂಸು ಒಲೆಯ ಮುಂದೆ ಹೋಗಿತ್ತು, ಹತ್ತಿಕಟ್ಟಿಗೆ ಉರಿಯುತ್ತಿತ್ತು, ಕೂಸಿನ ಕೈ ಕೆಂಡದ ಕಡೆ ಚಾಚಿತ್ತು. ಅವಳು ಯೋಚನೆ ಮಾಡಲಿಲ್ಲ. ಯಾವ ತಾಯಿಯೂ ಮಾಡುವುದಿಲ್ಲ. ಹಾರಿ ಹೋಗಿ ಕೂಸನ್ನು ಎತ್ತಿಕೊಂಡಳು. ಹಿಂದೆ ನೆಲದ ಕಲ್ಲಿನ ಮೇಲೆ ಟಣ್ ಎಂದು ಸಣ್ಣ ಸಪ್ಪಳವಾಯಿತು.

ತಿರುಗಿ ನೋಡಿದಾಗ ಮಾವನ ಕೈ ಪಕ್ಕಕ್ಕೆ ಬಿದ್ದಿತ್ತು. ಪತ್ರಿ ಚೆಲ್ಲಿತ್ತು. ಲಿಂಗ ಉರುಳಿ ಹೋಗಿ ಗೋಡೆಯ ಮೂಲೆಯಲ್ಲಿ, ಹೊರಗೆ ಹೋಗುವಾಗ ಮಡಿವಾಳೆಪ್ಪ ಮೆಟ್ಟುವ ಕೆರವಿನ ಹತ್ತಿರ ನಿಂತಿತ್ತು. ಮಾವ ಅದನ್ನೇ ನೋಡುತ್ತಿದ್ದರು. ಏಳಲು ಬಾರದೆ, ಕುಂಡೆಯ ಮೇಲೆ ಸರಿಯುತ್ತ ಸರಿಯುತ್ತ ಹೋಗಿ, ಬಲಗೈಯಿಂದ ಎತ್ತಿ ಹಣೆಗೆ ಒತ್ತಿಕೊಂಡರು. ಅವರ ಹೆಗಲು ಅಲುಗಾಡತೊಡಗಿತು. ಆ ವಯಸ್ಸಿನ ಗಂಡಸು ಹಾಗೆ ಅತ್ತದ್ದನ್ನು ಶಾರದವ್ವ ಅದೇ ಮೊದಲು ನೋಡಿದ್ದು.

"ತಪ್ಪಾತ್ರಿ," ಎಂದಳು. ನೇರವಾಗಿ ಅವರಿಗೇ ಹೇಳಿದ ಮೊದಲ ಮಾತು ಅದು.

"ನಿಂದೇನ ತಪ್ಪು? ಕೂಸಿನ್ನ ಹಿಡದಿ, ಛಲೋ ಆತು," ಎಂದರು ಮಾವ. "ನನ್ನ ಕೈಗೆ ಹಿಡಿಯಾಕ ಬರಲಿಲ್ಲ. ನನ್ನ ಕೈ ಅದು."

ಆ ದಿನ ಅವರು ಉಣ್ಣಲಿಲ್ಲ. ಮರುದಿನವೂ ಇಲ್ಲ. ಮನೆಯ ಒಲೆ ಹೊಗೆಯಾಡಿತೇ ಹೊರತು ಯಾರ ಗಂಟಲಲ್ಲೂ ತುತ್ತು ಇಳಿಯಲಿಲ್ಲ. ಅಯ್ಯನವರು ಬಂದು ಶುದ್ಧಿ ಮಾಡಿ, ಮಂತ್ರ ಹೇಳಿ ಲಿಂಗವನ್ನು ಮತ್ತೆ ಕೊರಳಿಗೆ ಹಾಕಿದರು. ಏನೂ ಕುಂದಿಲ್ಲವೆಂದರು. ಮಾವ ತಲೆಬಾಗಿ ಹಾಕಿಸಿಕೊಂಡರು. ಕೊನೆಗೆ ಶಾರದವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಎದುರಿಗೆ ನಿಂತಳು.

"ನೀವು ಉಣ್ಣದಿದ್ರ ನಾನೂ ಉಣ್ಣೂದಿಲ್ಲರಿ. ಇದಕ್ಕ ಹಾಲ ಬರದಿದ್ರ ಬರದು."

ಮಾವ ಕೂಸಿನ ಮುಖ ನೋಡಿದರು. "ಹಾಲು, ಹಣ್ಣು ತಗೋತೀನಿ," ಎಂದರು. "ರೊಟ್ಟಿ ಕೇಳಬ್ಯಾಡ. ಈ ಕೈ ಲಿಂಗಾ ಹಿಡದ ದಿವಸ ರೊಟ್ಟಿ ಉಣತೀನಿ."

ಆ ರಾತ್ರಿ ಗಂಡ ಹೆಂಡಿರ ನಡುವೆ ಜಗಳವಾಯಿತು.

"ಡಾಕ್ಟರ್ ಬಾಯಿಬಿಟ್ಟು ಕೇಳಿದರು. ಕೈ ಏನರ ಹಿಡಿತೈತೇನು ಅಂದರು. ನೀವ ಏನೂ ಇಲ್ಲ ಅಂದ್ರಿ!"

"ನನಗೇನ ಗೊತ್ತು? ನಾ ಪೂಜೀ ಹೊತ್ತಿಗೆ ಮನ್ಯಾಗ ಇರತೀನೇನು? ಗೊತ್ತಿದ್ದಾಕಿ ನೀ. ಬಾಗಲಾ ಹಿಡಕೊಂಡು ಯಾಕ ನಿಂತಿದ್ದಿ?"

"ನಾಕ ಮಂದಿ ನಡುವ ನಾ ಮಾತಾಡಿದ್ದರ, ಮನೀಗೆ ಬಂದ ಮ್ಯಾಲ ನನ್ನ ಏನ ಅಂತಿದ್ರಿ?"

ಮಡಿವಾಳೆಪ್ಪ ಮಗ್ಗುಲಾಗಿ ಹೊದಿಕೆ ಎಳೆದುಕೊಂಡ. ಮರುದಿನ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಹೋದ. ಸಂಜೆ ಬಂದವನು ಕಟ್ಟೆಯ ಮೇಲೆ ಕುಳಿತು, ಹೆಂಡತಿ ತಂದಿಟ್ಟ ಚಹಾ ಆರಿ ಕೆನೆಗಟ್ಟಿದರೂ ಮುಟ್ಟಲಿಲ್ಲ.

"ಹಾಕಿದ್ದನ್ನ ತೆಗಿಯಾಕ ಬರೂದಿಲ್ಲಂತ. ತಾನ ಇಳೀಬೇಕಂತ," ಎಂದ. ಆಮೇಲೆ ನೆಲ ನೋಡುತ್ತ ಹೇಳಿದ, "ಮೊದಲ ಹೇಳಿದ್ದರ ಮೊಣಕೈ ಬಿಟ್ಟು ಬೆರಳಿಗಷ್ಟ ಹಗರಕ ಹಾಕತಿದ್ದರಂತ. ಉಗರ ಚುಚ್ಚದಂಗ, ಹಿಡಿಯಾಕೂ ಬರೂಹಂಗ. ಅದಕ್ಕ ಕೇಳಿದ್ದೆ ಅಂದರು."

ಶಾರದವ್ವ ಕಂಬಕ್ಕೆ ಒರಗಿ ನಿಂತಳು. ಒಂದೇ ಒಂದು ಮಾತು. ಅಷ್ಟು ಸಣ್ಣ ಮಾತನ್ನು ಅಡ್ಡ ಹಾಯ್ದು ಆಡಲಾಗದೆ ಹೋಯಿತಲ್ಲ.

ಬಾಬಾಸಾಬ ಸುಮ್ಮನೆ ಕೂಡಲಿಲ್ಲ. ಮೊಣಕೈ ಇಡಲು ಎದೆಯೆತ್ತರದ ಒಂದು ಆಸರೆ, ಅದರ ಮೇಲೆ ಮಣಿಕಟ್ಟಿಗೆ ತಗ್ಗು, ಎಲ್ಲ ಮಾಡಿಕೊಂಡು ಬಂದ. ಮಾವ ಗೆಳೆಯನ ಮನಸ್ಸು ಮುರಿಯಬಾರದೆಂದು ಕೈಯನ್ನು ಅದರ ಮೇಲಿಡಿಸಿಕೊಂಡರು. ಅಂಗೈ ಪಕ್ಕಕ್ಕೆ ವಾಲಿತು. ಬಟ್ಟೆಯಿಂದ ಕಟ್ಟುತ್ತೇನೆಂದ ಬಾಬಾಸಾಬ.

"ಬ್ಯಾಡೋ ಬಾಬಾ," ಎಂದರು ಮಾವ. "ಕಟ್ಟಗಿ ಹಿಡದ್ರ ಅದು ಕಟ್ಟಗೀ ಪೂಜಿ. ನಾ ಹಿಡದಂಗ ಆಗೂದಿಲ್ಲ."

"ಜಿದ್ದು ಮಾಡಬ್ಯಾಡಲೇ. ನಾವು ಮಂಡಿ ಬಿದ್ದು ಹೋದವರು ಕುರ್ಚಿ ಮ್ಯಾಲ ಕುಂತ ನಮಾಜ ಮಾಡಂಗಿಲ್ಲೇನು?"

"ನಿಮ್ಮ ದೇವರು ಮ್ಯಾಲ ಅದಾನು, ಬೀಳೂದಿಲ್ಲ. ನನ್ನಾಂವ ಕೈಯಾಗ ಅದಾನ."

ಬಾಬಾಸಾಬ ಆಸರೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಓಣಿ ದಾಟುವ ತನಕ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಆಮೇಲೆ ಆ ಮನೆಯಲ್ಲಿ ಎಲ್ಲೂ ಕಂಡು ಕೇಳದಂಥ ಕಾಯುವಿಕೆ ಶುರುವಾಯಿತು. ಮಾವ ರಾತ್ರಿ ಹಲಗೆ ಕಟ್ಟಿಸಿಕೊಳ್ಳುವುದನ್ನು ಬಿಟ್ಟರು, ವ್ಯಾಯಾಮ ಒಲ್ಲೆನೆಂದರು. ಬೆಳಿಗ್ಗೆ ಸೊಸೆ ಹಾಲು ತಂದಿಟ್ಟರೆ ಮೊದಲು ಕೈ ಮುಂದೆ ಮಾಡುತ್ತಿದ್ದರು. "ನೋಡ, ಬಿಗಿ ಬಂತೇನು?" ಶಾರದವ್ವ ಬೆರಳು ಹಿಡಿದು ನೋಡುತ್ತಿದ್ದಳು. ಈಗ ನಡುವೆ ಅತ್ತೆಯ ದುಭಾಷಿತನ ಇರಲಿಲ್ಲ. "ಇನ್ನ ಇಲ್ಲರಿ ಮಾವಾರ," ಎನ್ನುತ್ತಿದ್ದಳು. ಅವರು ಬಟ್ಟಲು ಎತ್ತಿ ಅರ್ಧ ಕುಡಿದು ಇಡುತ್ತಿದ್ದರು.

ಮಡಿವಾಳೆಪ್ಪನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. "ಜಗತ್ತಿನ್ಯಾಗ ಯಾರರ ರೋಗ ತಿರುಗಿ ಬರಲಿ ಅಂತ ಹಾದಿ ಕಾಯ್ತಾರೇನಪಾ? ಕೈ ಮತ್ತ ಸೆಟಗೊಂಡು ಕಟ್ಟಗಿ ಆದರ ಯಾರ ಸಲಹಬೇಕು?" ಎಂದು ಕೂಗಾಡಿದ. ಹೆಂಡತಿಗೆ, "ನೀ ಹಲಗಿ ಕಟ್ಟು. ಹೂಂ ಅಂದರೂ ಕಟ್ಟು, ಉಹೂಂ ಅಂದರೂ ಕಟ್ಟು," ಎಂದ.

ಅವಳು ಕಟ್ಟಲಿಲ್ಲ. ಕಟ್ಟಿದ್ದೇನೆಂದು ಗಂಡನಿಗೆ ಹೇಳಿದಳು. ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

ಮುಂಗಾರು ಬಂತು. ಹೆಸರು ಬಿತ್ತಿದರು, ಕಳೆ ತೆಗೆದರು. ಮಾವನ ಕೊರಳ ಎಲುಬು ಎದ್ದು ಕಾಣತೊಡಗಿತು. ಅಂಗಿ ಬೇರೆಯವರದೆಂಬಂತೆ ತೂಗಾಡುತ್ತಿತ್ತು. ಶಿವಗಂಗವ್ವ ಗಂಡನಿಗೆ ಕದ್ದು ಹಾಲಿನಲ್ಲಿ ರವೆ ಬೇಯಿಸಿ ಹಾಕುತ್ತಿದ್ದಳು. ಅವರು ಒಂದು ಚಮಚ ಬಾಯಿಗಿಟ್ಟು ಅವಳ ಮುಖ ನೋಡಿ, "ಇದು ಹಾಲಲ್ಲ," ಎಂದು ಬಟ್ಟಲು ಸರಿಸುತ್ತಿದ್ದರು. ಅವಳು ಹಿತ್ತಲಿಗೆ ಹೋಗಿ ಎಮ್ಮೆಯನ್ನು ಬೈದು ಬರುತ್ತಿದ್ದಳು. ಎಮ್ಮೆ ಏನು ಮಾಡಿತ್ತು ಪಾಪ.

ಶ್ರಾವಣ ಕೂಡಿ ಬಂದ ಮೇಲೆ ಒಂದು ಬೆಳಿಗ್ಗೆ ಶಾರದವ್ವ ಕಿರುಬೆರಳು ಹಿಡಿದು ಎಳೆದಾಗ ಅದು ಎದುರು ಎಳೆಯಿತು. ಅವಳು ಮತ್ತೆ ಎಳೆದು ನೋಡಿದಳು. ನಾಲ್ಕೂ ಬೆರಳು ಒಳಕ್ಕೆ ಹೋಗಲು ಹವಣಿಸುತ್ತಿದ್ದವು.

"ಬಂತ್ರಿ ಮಾವಾರ! ಬಿಗಿ ಬಂತು!" ಎಂದು ಕೂಗಿದಳು. ಮಕ್ಕಳು ಹುಟ್ಟಿದ ಸುದ್ದಿಯನ್ನೂ ಯಾರೂ ಅಷ್ಟು ಸಂತೋಷದಿಂದ ಹೇಳಿರಲಾರರು.

ಮುಂದಿನ ಸೋಮವಾರದ ಹೊತ್ತಿಗೆ ಮೊಣಕೈಯೂ ಅಷ್ಟಿಷ್ಟು ಮಡಚಿತ್ತು. ಸ್ನಾನ ಮಾಡಿಸಿ ಕೂಡ್ರಿಸಿದರು. ಮಡಿವಾಳೆಪ್ಪ ಅವತ್ತು ಹೊಲಕ್ಕೆ ಹೋಗಲಿಲ್ಲ. ಅತ್ತೆ ಲಿಂಗವನ್ನು ಅಂಗೈಯಲ್ಲಿಟ್ಟಳು. ಬೆರಳುಗಳು ಮೆಲ್ಲಗೆ, ಮರೆತುಹೋದ ಕೆಲಸವನ್ನು ನೆನಪು ಮಾಡಿಕೊಳ್ಳುವವರ ಹಾಗೆ, ಅದರ ಸುತ್ತ ಮುಚ್ಚಿಕೊಂಡವು. ಶಾರದವ್ವ ಕೆಳಗೆ ತನ್ನ ಕೈ ಒಡ್ಡಿದ್ದಳು, ಮುಟ್ಟಿರಲಿಲ್ಲ. ನೀರೆರೆದು, ವಿಭೂತಿ ಹಚ್ಚಿ, ಒಂದು ಪತ್ರಿ ಏರಿಸುವಷ್ಟು ಹೊತ್ತು ಹಿಡಿಯಿತು. ಅಷ್ಟಕ್ಕೇ ಮಾವ 'ಸಾಕು' ಎಂದು ಸನ್ನೆ ಮಾಡಿ, ತಾವೇ ಬಲಗೈಯಿಂದ ಲಿಂಗ ತೆಗೆದು ಕರಡಿಗೆಗೆ ಇಳಿಸಿದರು.

"ರೊಟ್ಟಿ ಹಾಕ," ಎಂದರು.

ಅರ್ಧ ರೊಟ್ಟಿ ಉಂಡರು. ಅಷ್ಟು ದಿನ ಬರೀ ಹಾಲು ಕಂಡ ಹೊಟ್ಟೆಗೆ ಅದೇ ಹೆಚ್ಚಾಯಿತು. ಆದರೂ ಎಣ್ಣೆಗಾಯಿಗೆ ಉಪ್ಪು ಕಡಿಮೆಯೆಂದು ಹೆಂಡತಿಯನ್ನು ಬೈದರು. ಶಿವಗಂಗವ್ವ ಬೈಸಿಕೊಂಡು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಮಡಿವಾಳೆಪ್ಪ ಅಪ್ಪನ ತಾಟು ತಾನೇ ಎತ್ತಿಕೊಂಡು ಹೋಗಿ ತೊಳೆದ. ಬಾಬಾಸಾಬನಿಗೆ ಹೇಳಿ ಕಳಿಸಿದರು. ಅವನು ಬಂದು, "ಚಿಲಕಾ ಮತ್ತ ಬಿತ್ತೇನು? ಬೀಳಲಿ ಬಿಡು, ಕಳ್ಳರ ಹೆದರಿಕಿ ಇಲ್ಲ," ಎಂದ. ಮನೆಯಲ್ಲಿ ನಗೆ ಕೇಳಿತು.

ಅದರ ಮುಂದಿನ ಸೋಮವಾರ ಮಾವನ ಪಾಲಿಗೆ ಬರಲಿಲ್ಲ. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಶಾರದವ್ವ ಹಾಲಿನ ಬಟ್ಟಲು ತಂದಾಗ ಮಾವ ಕೈ ಮುಂದೆ ಮಾಡಲಿಲ್ಲ. ಲಕವಾ ಎರಡನೆಯ ಸಲ ಬಂದಿತ್ತೋ, ಬಡಕಲಾದ ಎದೆಯೇ ನಿಂತಿತ್ತೋ, ನಿದ್ದೆಯಲ್ಲೇ ಹೋಗಿದ್ದರು. ಮೈ ಇನ್ನೂ ಬೆಚ್ಚಗಿತ್ತು.

ಊರು ಕೂಡಿತು. ಬಾಬಾಸಾಬ ಬಾಗಿಲ ಹೊರಗೆ ನಿಂತು, ಒಳಗೆ ಬರದೆ ಕಟ್ಟೆಗೆ ಕುಳಿತ. ಮಾವನ ಮೈ ತೊಳೆದು, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂಡ್ರಿಸಿದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟೇ ಮಣ್ಣು ಕೊಡಬೇಕು, ಅದು ಪದ್ಧತಿ. ಅಯ್ಯನವರು ಕರಡಿಗೆ ಬಿಚ್ಚಿದರು. ಸುತ್ತ ನಿಂತ ಗಂಡಸರು ಆ ಮುಷ್ಟಿಯ ಕಥೆ ಕೇಳಿದ್ದವರು, ಯಾರೂ ಕೈ ಹಾಕಲಿಲ್ಲ. ಮಡಿವಾಳೆಪ್ಪ ಮುಂದೆ ಬಂದವನು ಹಿಂದೆ ಸರಿದ.

"ಶಾರದಾ, ನೀ ಬಾ," ಎಂದಳು ಶಿವಗಂಗವ್ವ. "ಅದು ನಿನ್ನ ಮಾತಷ್ಟ ಕೇಳತೈತಿ."

ಅಷ್ಟು ಮಂದಿ ಗಂಡಸರ ನಡುವೆ ಹಾಯ್ದು ಶಾರದವ್ವ ಹೋಗಿ ಮಂಡಿಯೂರಿದಳು. ಇದು ತಡವಾಗುವ ಕೆಲಸ, ಅವಸರ ಸಲ್ಲದೆಂದುಕೊಂಡು ಮಣಿಕಟ್ಟನ್ನು ಬಾಗಿಸಿ ಕಿರುಬೆರಳಿಗೆ ಕೈ ಹಚ್ಚಿದಳು. ಏನೂ ಎದುರಾಗಲಿಲ್ಲ. ಮುಷ್ಟಿ ಹಾಗೆಯೇ ಬಿಚ್ಚಿಕೊಂಡಿತು. ಐದೂ ಬೆರಳು, ಎಲ್ಲರ ಕೈಯ ಹಾಗೆ. ಎಣ್ಣೆ ಬೇಕಾಗಲಿಲ್ಲ, ಸೂಜಿ ಬೇಕಾಗಲಿಲ್ಲ. ಆವರೆಗೆ ಒಂದು ಹನಿ ಕಣ್ಣೀರು ಹಾಕದವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟರು. ಅವಳು ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು. ಒಂದೊಂದಾಗಿ ಅವು ತೆರೆದುಕೊಂಡವು. ಮತ್ತೆ ಮಡಚಿದಳು. ಮತ್ತೆ ತೆರೆದುಕೊಂಡವು. ಕೊನೆಗೆ ತನ್ನೆರಡು ಕೈಯನ್ನು ಕೆಳಗೊಡ್ಡಿ, ಆ ಕೈಯನ್ನು ಎದೆಯ ಮಟ್ಟಕ್ಕೆ ಹೊತ್ತು ಹಿಡಿದು ಕುಳಿತಳು. ಹೂವೇರಿಸುವವರು ಏರಿಸಿದರು, ಹಾಡುವವರು ಹಾಡಿದರು. ಹೊತ್ತು ಏರಿತು. ಶಿವಗಂಗವ್ವ ಬಗ್ಗಿ ಅವಳ ಹೆಗಲ ಮೇಲೆ ಕೈಯಿಟ್ಟಳು.

"ಬಿಡ ಯವ್ವಾ, ಇನ್ನರ ಬಿಡ. ಈಗ ಬಿದ್ದರೂ ಅವರಿಗೆ ಗೊತ್ತಾಗೂದಿಲ್ಲ."

"ನನಗ ಗೊತ್ತಾಗತೈತ್ರಿ ಅತ್ತ್ಯಾರ," ಎಂದಳು ಶಾರದವ್ವ.

ಹೆಣವನ್ನು ಕೂಡ್ರಿಸಿ ಒಯ್ಯುವ ವಿಮಾನ ಕಟ್ಟಿ ತಂದು, ಮಡಿವಾಳೆಪ್ಪ ತನ್ನ ಕೈಯನ್ನು ಅವಳ ಕೈಯ ಕೆಳಗೆ ತಂದಿಡುವ ತನಕ ಅವಳು ಬಿಡಲಿಲ್ಲ.